13ನೇ ಫ್ರೆಟ್

ಆರು ದಿನ ಆಯ್ತು, ತಲೆಯಲ್ಲಿ ಇದೊಂದೇ ಓಡ್ತಿದೆ. ಹೊಸದಾಗಿ ಬಂದ ಎಲೆಕ್ಟ್ರಿಕ್ ಗಿಟಾರನ್ನು ವಾಪಸ್ ಕಳಿಸಲೋ, ಇಟ್ಟುಕೊಳ್ಳಲೋ?

ಪೆಟ್ಟಿಗೆ ಬಿಚ್ಚಿ ಹತ್ತು ನಿಮಿಷ ಆಗಿರಲಿಲ್ಲ. ನೆಕ್ (ಕೈಯಲ್ಲಿ ಹಿಡಿಯುವ ಉದ್ದನೆಯ ಭಾಗ) ಗಿಟಾರಿನ ಬಾಡಿಯನ್ನು ಸೇರುವ ಜಾಗದಲ್ಲಿ ಬಣ್ಣ ಹನಿಯಾಗಿ ಇಳಿದು ಅಲ್ಲೇ ಗಟ್ಟಿಯಾಗಿರುವುದು ಕಾಣಿಸಿತು. ಸಾಸಿವೆ ಕಾಳಿಗಿಂತ ಚಿಕ್ಕದು. ಆದರೆ ಒಮ್ಮೆ ಕಂಡ ಮೇಲೆ ಕಣ್ಣು ಬೇರೆ ಕಡೆ ಹೋಗಲೇ ಇಲ್ಲ. ಅಷ್ಟು ಚೆಂದದ ಕಡುನೀಲಿ ಬಾಡಿಯನ್ನು ಬಿಟ್ಟು ಆ ಹನಿಯನ್ನೇ ದೀಪದ ಕೆಳಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ. ತಿಂಗಳುಗಟ್ಟಲೆ ದುಡ್ಡು ಕೂಡಿಟ್ಟು ವಾದ್ಯ ಕೊಂಡವರಿಗೆ ಈ ಸಂಕಟ ಗೊತ್ತಿರುತ್ತೆ.

ಆ ಹನಿಗಾಗಿ ನಾನು ವಾಪಸ್ ಮಾಡಲ್ಲ ಅಂತ ಮರುದಿನವೇ ತೀರ್ಮಾನಿಸಿದೆ. ನುಡಿಸುವಾಗ ಅದು ಕೈಗೆ ತಾಗಲ್ಲ, ಕಿವಿಗೆ ಕೇಳಲ್ಲ. ಹಾಗಂತ ಬಣ್ಣದ ದೋಷಕ್ಕೆ ವಾಪಸ್ ಕಳಿಸುವವರನ್ನು ತಪ್ಪು ಅನ್ನಲಾರೆ. ಪೂರ್ತಿ ಬೆಲೆ ಕೊಟ್ಟವರು ಪೂರ್ತಿ ಸರಿಯಿರುವ ವಸ್ತು ಕೇಳಿದರೆ ಅದು ದುರಾಸೆಯಲ್ಲ. ಗಿಟಾರ್ ಕೈಗೆತ್ತಿಕೊಂಡಾಗೆಲ್ಲ ಅದೇ ಕಲೆ ಮನಸ್ಸಿಗೆ ಚುಚ್ಚುವುದಾದರೆ ನುಡಿಸುವ ಸಂತೋಷವೇ ಹೋಗುತ್ತೆ. ಒಂದು ಮಾತ್ರ ಗಮನಿಸಿ: ಅದು ಬಣ್ಣದ ಹನಿಯಲ್ಲದೆ ಬಿರುಕಿನ ಗೆರೆಯಾಗಿದ್ದರೆ, ಅದರಲ್ಲೂ ಹೆಡ್‌ಸ್ಟಾಕ್ (ಶ್ರುತಿ ತಿರುಪುಗಳಿರುವ ತಲೆಭಾಗ) ಬುಡದಲ್ಲಿದ್ದರೆ, ಸುಮ್ಮನೆ ಬಿಡಬೇಡಿ. ತಂತಿಗಳ ಎಳೆತವೆಲ್ಲ ಬೀಳುವ ಜಾಗ ಅದು.

ಗಿಟಾರ್ ಬಂದ ದಿನ ಕೆಳಗಿನ ಫ್ರೆಟ್‌ಗಳಲ್ಲೂ (ನೆಕ್ಕಿನ ಮೇಲೆ ಅಡ್ಡಕ್ಕಿರುವ ಲೋಹದ ಪಟ್ಟಿಗಳು) ತಂತಿ ಜಿರ್ ಅನ್ನುತ್ತಿತ್ತು. ಗಾಬರಿಯಾಗಿ ಅವತ್ತೇ ವಾಪಸ್ ಅರ್ಜಿ ಹಾಕಲು ಹೊರಟಿದ್ದೆ. ಒಳ್ಳೆಯದಾಯ್ತು, ಹಾಕಲಿಲ್ಲ. ದೂರದಿಂದ ಬಂದ ಮರ ಹೊಸ ಹವೆಗೆ ಹೊಂದಿಕೊಳ್ಳಲು ಒಂದೆರಡು ದಿನ ಬೇಕು. ಎರಡು ದಿನ ಬಿಟ್ಟು ಶ್ರುತಿ ಮಾಡಿ, ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಆರನೇ ತಂತಿ ಒತ್ತಿ ಹಿಡಿದು, ನಡುವೆ 7ನೇ ಫ್ರೆಟ್ ಹತ್ತಿರ ಎಷ್ಟು ಸಂದಿದೆ ಅಂತ ನೋಡಿದೆ. ಸುಮಾರು 0.2 ಮಿಲಿಮೀಟರ್ ಇರಬೇಕಾದ ಕಡೆ ಸಂದಿಯೇ ಇರಲಿಲ್ಲ. ನೆಕ್ ಸ್ವಲ್ಪ ಹಿಂದಕ್ಕೆ ಬಾಗಿತ್ತು. ನೆಕ್ಕಿನ ಬಾಗು ಹೊಂದಿಸಲು ಅದರೊಳಗಿರುವ ಕಂಬಿ, ಟ್ರಸ್ ರಾಡ್, ಕಾಲು ಸುತ್ತು ಸಡಿಲಿಸಿದೆ, ಆ ಜಿರ್ ಮಾಯವಾಯಿತು. ಇದು ದೋಷವಲ್ಲ, ಸೆಟಪ್. ರಾಡ್ ತಿರುಗಲೇ ಇಲ್ಲ ಅಂದಿದ್ದರೆ, ಅಥವಾ ನೆಕ್ ಒಂದು ಪಕ್ಕಕ್ಕೆ ತಿರುಚಿಕೊಂಡಿದ್ದರೆ ಮರುಮಾತಿಲ್ಲದೆ ವಾಪಸ್.

ಫ್ರೆಟ್‌ಗಳ ತುದಿ ಅಂಗೈಗೆ ತರಚುತ್ತಿದ್ದುದಕ್ಕೂ ಹವೆಯೇ ಕಾರಣ. ಒಣ ಹವೆಯಲ್ಲಿ ಫಿಂಗರ್‌ಬೋರ್ಡಿನ ಮರ ಅಡ್ಡಕ್ಕೆ ಕುಗ್ಗುತ್ತೆ, ಲೋಹ ಕುಗ್ಗಲ್ಲ. ಅದಕ್ಕೇ ಫ್ರೆಟ್ ಹೊರಕ್ಕೆ ಚಾಚಿಕೊಳ್ಳುತ್ತೆ. ಕೋಣೆಯ ತೇವಾಂಶ ಶೇಕಡಾ 45ರಿಂದ 55ರೊಳಗೆ ಇದ್ದರೆ ಎಷ್ಟೋ ಸಲ ತಾನಾಗಿಯೇ ಸರಿಹೋಗುತ್ತೆ. ಇಲ್ಲದಿದ್ದರೆ ಸಣ್ಣ ಅರ ಹಿಡಿದು ಒಂದು ಸಂಜೆ ಕೂತರೆ ಮುಗೀತು.

ಮೊದಲ ತಂತಿ ನೆಕ್ಕಿನ ಅಂಚಿಗೆ ತೀರಾ ಹತ್ತಿರವಿತ್ತು, ಬೆರಳು ಸ್ವಲ್ಪ ಎಳೆದರೂ ಜಾರಿ ಕೆಳಗೆ ಬೀಳ್ತಿತ್ತು. ಫೆಂಡರ್ ಮಾದರಿಯ ಗಿಟಾರ್‌ಗಳಲ್ಲಿ ನೆಕ್ಕನ್ನು ಅಂಟಿಸಿರಲ್ಲ, ಸ್ಕ್ರೂ ಹಾಕಿ ಕೂರಿಸಿರುತ್ತಾರೆ. ಆ ನಾಲ್ಕು ಸ್ಕ್ರೂಗಳನ್ನು ತುಸುವೇ ಸಡಿಲಿಸಿ, ನೆಕ್ಕನ್ನು ಮೆಲ್ಲಗೆ ಪಕ್ಕಕ್ಕೆ ಒತ್ತಿ ಮತ್ತೆ ಬಿಗಿಮಾಡಿದೆ. ಆರೂ ತಂತಿ ನೇರವಾಗಿ ಕೂತವು. ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಗುಂಯ್ ಅನ್ನುವುದಂತೂ ಅದರ ಹುಟ್ಟುಗುಣ, ಮನೆಯ ಕರೆಂಟಿನ 50 ಅಥವಾ 60 ಹರ್ಟ್ಸ್ ಅದಕ್ಕೆ ಕೇಳಿಸುತ್ತೆ. ಅದನ್ನು ಕಳೆಯಲೆಂದೇ ಗಿಬ್ಸನ್ ಕಂಪನಿಯಲ್ಲಿದ್ದ ಸೇತ್ ಲವರ್ ಎರಡು ಕಾಯಿಲ್‌ನ ಹಂಬಕರ್ ಪಿಕಪ್ ಮಾಡಿ, 1955ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ್ದು.

ಇಷ್ಟೆಲ್ಲ ಆದಮೇಲೆ ಗಿಟಾರ್ ನನ್ನದೇ ಅನ್ನಿಸತೊಡಗಿತ್ತು. ನಾಲ್ಕನೇ ದಿನ ರಾತ್ರಿ, ಆಂಪ್ ದನಿ ತಗ್ಗಿಸಿ, ಎರಡನೇ ತಂತಿಯ 13ನೇ ಫ್ರೆಟ್ ಒತ್ತಿ ಬೆಂಡ್ ಮಾಡಿದೆ, ಅಂದರೆ ಸ್ವರ ಏರಲೆಂದು ತಂತಿಯನ್ನು ಪಕ್ಕಕ್ಕೆ ಎಳೆದೆ. ಸ್ವರ ಅರ್ಧ ಏರಿ ಅಲ್ಲೇ ಸತ್ತುಹೋಯ್ತು. ಯಾರೋ ತಂತಿಯ ಮೇಲೆ ಬೆರಳಿಟ್ಟ ಹಾಗೆ. 12ರಲ್ಲಿ ಸರಿಯಾಗಿದೆ, 14ರಲ್ಲಿ ಸರಿಯಾಗಿದೆ. 13ರಲ್ಲಿ ಮಾತ್ರ ಉಸಿರುಗಟ್ಟುತ್ತೆ.

ಆ್ಯಕ್ಷನ್, ಅಂದರೆ ಫ್ರೆಟ್ಟಿನ ಮೇಲೆ ತಂತಿಯ ಎತ್ತರ, ತೀರಾ ತಗ್ಗಿದ್ದರೂ ಬೆಂಡ್ ಹೀಗೆ ಸಾಯುತ್ತೆ. ಹಾಗಾಗಿ 12ನೇ ಫ್ರೆಟ್ಟಿನ ಮೇಲೆ ತಂತಿ 2 ಮಿಲಿಮೀಟರ್ ಎತ್ತರ ಇರುವ ಹಾಗೆ ಸ್ಯಾಡಲ್ (ಬಾಡಿಯ ಕಡೆ ತಂತಿ ಕೂರುವ ಆಸರೆ) ಏರಿಸಿ ನೋಡಿದೆ. ಏನೂ ಬದಲಾಗಲಿಲ್ಲ. ಕೊನೆಗೆ ಒಂದು ಚಿಕ್ಕ ಉಕ್ಕಿನ ಪಟ್ಟಿಯನ್ನು 13, 14, 15ನೇ ಫ್ರೆಟ್‌ಗಳ ಮೇಲೆ ಅಡ್ಡ ಇಟ್ಟೆ. ಟಕ್ ಟಕ್ ಅಂತ ತೂಗಾಡಿತು. 14ನೆಯದು ಎದ್ದು ನಿಂತಿದೆ, ಕೂದಲೆಳೆಯಷ್ಟು. 13ರಲ್ಲಿ ಒತ್ತಿದ ತಂತಿ ಹೋಗಿ ಅದಕ್ಕೇ ಬಡಿಯುತ್ತಿದೆ.

ಗೆಳೆಯರೊಬ್ಬರು, "ಇಷ್ಟಕ್ಕೆಲ್ಲ ವಾಪಸ್ ಯಾಕೆ, ರಿಪೇರಿ ಮಾಡುವವರಿಗೆ ಕೊಟ್ಟು ಲೆವೆಲಿಂಗ್ ಮಾಡಿಸು" ಅಂದರು. ಫ್ರೆಟ್‌ಗಳನ್ನು ಉಜ್ಜಿ ಒಂದೇ ಮಟ್ಟಕ್ಕೆ ತರುವ ಕೆಲಸ ಅದು. ಹಳೆಯ ಗಿಟಾರ್ ಆಗಿದ್ದರೆ ಖಂಡಿತ ಮಾಡಿಸ್ತಿದ್ದೆ. ಆದರೆ ಒಂದು ಫ್ರೆಟ್ ಎದ್ದಿದೆ ಅಂತ ಲೆವೆಲಿಂಗ್ ಮಾಡಿಸಿದರೆ ಅದರ ಲೋಹ ಸವೆಯುತ್ತೆ, ಎಷ್ಟೋ ಸಲ ಸರಿಯಿರುವ ಫ್ರೆಟ್‌ಗಳೂ ತುಸು ಸವೆಯಬೇಕಾಗುತ್ತೆ. ಒಂದು ಹಾಡೂ ನುಡಿಸದ ಗಿಟಾರಿನ ಆಯಸ್ಸನ್ನು ನಾನೇಕೆ ಕಮ್ಮಿ ಮಾಡಲಿ? ಫ್ರೆಟ್ಟಿನ ಬುಡ ಸಡಿಲವಾಗಿದ್ದರೆ ತಟ್ಟಿ ಕೂರಿಸಬಹುದು, ನಿಜ. ಆದರೆ ತಟ್ಟಿದ ಗುರುತು ಬಿದ್ದರೆ, ನಟ್‌ಗೆ (ಹೆಡ್‌ಸ್ಟಾಕ್ ಬಳಿ ತಂತಿಗಳು ಕೂರುವ ಪಟ್ಟಿ) ಅರ ತಾಗಿದರೆ, ಆಮೇಲೆ ವಾಪಸ್ ತಗೋತಾರೆ ಅನ್ನುವ ಖಾತ್ರಿ ಇಲ್ಲ. ಟ್ರಸ್ ರಾಡ್, ಸ್ಯಾಡಲ್ ತಿರುಗಿಸಿದರೆ ಮತ್ತೆ ಮೊದಲಿನಂತೆ ಮಾಡಬಹುದು. ಲೋಹ ಸವೆಸಿದರೆ ಮಾಡಲಾಗದು. ನೆಕ್ಕಿನ ಆ ಸ್ಕ್ರೂಗಳಿಗೆ ಕೈಹಾಕುವ ಮುಂಚೆಯೂ ಮಾರಿದವರನ್ನು ಒಂದು ಮಾತು ಕೇಳಿಕೊಳ್ಳಬೇಕಿತ್ತು, ನಾನು ಕೇಳಲಿಲ್ಲ. ನೀವು ಕೇಳಿ.

ಬದಲಿಗೆ ಬರುವುದು ಇದಕ್ಕಿಂತ ಕೆಟ್ಟದಾಗಿದ್ದರೆ? ಆ ಭಯ ಇದೆ. ಇದರ ನೆಕ್ ನನ್ನ ಕೈಗೆ ಎಷ್ಟು ಹಿತವಾಗಿ ಕೂತಿತ್ತು ಅಂದರೆ, ಬಣ್ಣದ ಆ ಹನಿಯ ಮೇಲೂ ಈಗ ಒಂಥರಾ ಮಮತೆ. ಆದರೂ 13ನೇ ಫ್ರೆಟ್ಟನ್ನು ತಪ್ಪಿಸಿಕೊಂಡು ನುಡಿಸುವುದನ್ನು ನನ್ನ ಬೆರಳು ಎರಡೇ ದಿನದಲ್ಲಿ ಕಲಿತುಬಿಟ್ಟಿತ್ತು. ನಿನ್ನೆ ಅದು ಗಮನಕ್ಕೆ ಬಂದಾಗಲೇ ವಾಪಸ್ ಅರ್ಜಿ ಹಾಕಿದೆ.

ಫೋಟೋ ತೆಗೆದಾಯಿತು. 13ನೇ ಫ್ರೆಟ್ಟಿನ ಸದ್ದನ್ನು ಮೂರು ಸಲ ರೆಕಾರ್ಡ್ ಮಾಡಿ ಕಳಿಸಿದೆ. ನಾಳೆ ಬೆಳಿಗ್ಗೆ ಒಯ್ಯಲು ಬರ್ತಾರೆ. ತಂತಿಗಳನ್ನು ಒಂದು ಸ್ವರ ಇಳಿಸಿ ಪೆಟ್ಟಿಗೆಯಲ್ಲಿ ಮಲಗಿಸಿದ್ದೇನೆ. ಪಿಕ್‌ಗಾರ್ಡಿನ ಪ್ಲಾಸ್ಟಿಕ್ ಹಾಳೆಯನ್ನು ಆರು ದಿನವೂ ಕಿತ್ತಿರಲಿಲ್ಲ.