ತಾತ ಹಾಡಿದ್ದು ತಪ್ಪಾ?

ದೀಪಾವಳಿಗೆ ಹಾಸನದ ಮನೆಗೆ ಹೋಗಿದ್ದೆವು. ಐದನೇ ಕ್ಲಾಸಿನ ಮಗಳು ಜಗಲಿ ಮೇಲೆ ಕೂತು ನಾಡಗೀತೆ ಪ್ರಾಕ್ಟೀಸ್ ಮಾಡುತ್ತಿದ್ದಳು. ರಾಜ್ಯೋತ್ಸವಕ್ಕೆ ಶಾಲೆಯಲ್ಲಿ ಹಾಡಬೇಕು. ಅಪ್ಪ ಪೇಪರ್ ಮಡಚಿಟ್ಟು ತಾವೂ ದನಿ ಸೇರಿಸಿದರು. ಅರ್ಧಕ್ಕೆ ಬರುವಷ್ಟರಲ್ಲಿ ಅವಳು ಹಾಡು ನಿಲ್ಲಿಸಿಬಿಟ್ಟಳು.

"ತಾತ, ನೀವು ಹಾಡೋದು ತಪ್ಪು. ಮಿಸ್ ಹೇಳಿಕೊಟ್ಟಿದ್ದು ಹಿಂಗಲ್ಲ."

ಅಷ್ಟು ಸಾಕಾಯಿತು. ಬೆಂಗಳೂರಿನಿಂದ ಬಂದಿದ್ದ ಚಿಕ್ಕಪ್ಪ ಕಾಫಿ ಲೋಟ ಹಿಡಿದುಕೊಂಡೇ ಒಳಗಿನಿಂದ ಬಂದರು. "ಅಣ್ಣ, ನಾನು ಎಷ್ಟು ವರ್ಷದಿಂದ ಹೇಳ್ತಿದೀನಿ? ನಾಡಗೀತೆ ಅಂದ್ರೆ ಅಶ್ವತ್ಥ್ ಧಾಟಿ. ಅದು ಕೇಳಿದ್ರೆ ಮೈ ಜುಮ್ ಅನ್ನಬೇಕು." ಅಪ್ಪ ಬಿಡುತ್ತಾರಾ? "ನೀನು ಸುಮ್ನಿರೋ. ಅನಂತಸ್ವಾಮಿ ಹಾಡಿದ ಮೇಲೆ ಇನ್ನೊಬ್ರು ಮುಟ್ಟಬೇಕಾದ ಹಾಡಲ್ಲ ಅದು." ನಡುಮನೆಯಿಂದ ಅಜ್ಜಿಯ ದನಿ: "ನೀವಿಬ್ರೂ ಕಾಳಿಂಗರಾಯರನ್ನ ಎದುರಿಗೆ ಕೂತು ಕೇಳಿದೀರಾ?" ಅಜ್ಜಿಗೆ ತೊಂಬತ್ತರ ಹತ್ತಿರ. ಕಾಳಿಂಗರಾಯರು, ಅವರ ಜೊತೆ ಹಾಡುತ್ತಿದ್ದ ಸೋಹನ್ ಕುಮಾರಿ, ಮೋಹನ್ ಕುಮಾರಿ, ಈ ಮೂವರ ಮುಂದೆ ಆಮೇಲೆ ಬಂದವರೆಲ್ಲ ಅವರ ಕಣ್ಣಿಗೆ ಮಕ್ಕಳು.

ಮೂರು ತಲೆಮಾರಿನ ಈ ಜಗಳ ನಮ್ಮ ಮನೆಗೆ ಹೊಸದಲ್ಲ. ಕುವೆಂಪು ಅವರ 'ಜಯ ಭಾರತ ಜನನಿಯ ತನುಜಾತೆ' ಅಧಿಕೃತವಾಗಿ ನಾಡಗೀತೆ ಆಗಿದ್ದು 2004ರ ಜನವರಿಯಲ್ಲಿ. ಅದನ್ನು ಯಾವ ಧಾಟಿಯಲ್ಲಿ ಹಾಡಬೇಕು ಅನ್ನುವ ಚರ್ಚೆ ಆಮೇಲೂ ಹದಿನೆಂಟು ವರ್ಷ ನಡೆಯಿತು. 2022ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಆದೇಶ ಮಾಡಿತು: ಮೈಸೂರು ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡ್, ಆಲಾಪ ಇಲ್ಲ, ಸಾಲುಗಳನ್ನು ತಿರುಗಿ ತಿರುಗಿ ಹಾಡುವ ಹಾಗಿಲ್ಲ. ಅದರ ಮೇಲೂ ವಿಷಯ ಹೈಕೋರ್ಟ್‌ವರೆಗೆ ಹೋಯಿತು. ಅಂದಮೇಲೆ ನಮ್ಮ ಜಗಲಿಯಲ್ಲಿ ಮುಗಿಯುತ್ತದಾ?

ಚಿಕ್ಕಪ್ಪನ ಪ್ರೀತಿಗೆ ಕಾರಣ ಇದೆ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಶ್ವತ್ಥ್ ಅವರ 'ಕನ್ನಡವೇ ಸತ್ಯ' ಹಾಡಿನ ಕಾರ್ಯಕ್ರಮ ನಡೆದಾಗ ಚಿಕ್ಕಪ್ಪ ಅಲ್ಲಿದ್ದರು. ಆಗಷ್ಟೇ ಕೆಲಸ ಬಿಟ್ಟಿದ್ದ ಕಾಲ. ಜೇಬಲ್ಲಿ ದುಡ್ಡಿಲ್ಲ, ಊರಿಗೆ ಬಂದು ಮುಖ ತೋರಿಸೋಕೂ ಮನಸ್ಸಿಲ್ಲ. ಆ ಜನಸಾಗರದ ನಡುವೆ ಅಶ್ವತ್ಥ್ ದನಿ ಎತ್ತಿದಾಗ ಅತ್ತುಬಿಟ್ಟೆ ಅಂತ ನನಗೊಬ್ಬಳಿಗೇ ಹೇಳಿದ್ದರು. ಅವರನ್ನೇ ಕೇಳಿ ಇಲ್ಲಿ ಬರೆಯುತ್ತಿದ್ದೇನೆ. ಅಶ್ವತ್ಥ್ ಹುಟ್ಟಿದ್ದು ಡಿಸೆಂಬರ್ 29, 2009ರಲ್ಲಿ ತೀರಿಕೊಂಡಿದ್ದೂ ಡಿಸೆಂಬರ್ 29, ಕುವೆಂಪು ಹುಟ್ಟಿದ ದಿನವೂ ಅದೇ. ಇದನ್ನು ಅವರು ಪ್ರತಿ ವರ್ಷ ಆ ದಿನ ಫೋನ್ ಮಾಡಿ ನೆನಪಿಸುತ್ತಾರೆ.

ಅಪ್ಪನದು ಬೇರೆ ಕತೆ. 1978ರಲ್ಲಿ ನಿಸಾರ್ ಅಹಮದ್ ಅವರ 'ನಿತ್ಯೋತ್ಸವ' ಕ್ಯಾಸೆಟ್ ಬಂತಲ್ಲ, ಅದಕ್ಕೆ ಸಂಗೀತ ಅನಂತಸ್ವಾಮಿಯವರದು. ಅದನ್ನು ಕೇಳೋಕೆ ಅಂತಲೇ ಅಪ್ಪ ಸಾಲ ಮಾಡಿ ಟೇಪ್‌ರೆಕಾರ್ಡರ್ ತಂದರಂತೆ. ಆಮೇಲೆ ಯಾವತ್ತೋ ರೇಡಿಯೋದಲ್ಲಿ ಅನಂತಸ್ವಾಮಿಯವರ ಧಾಟಿಯಲ್ಲಿ ಈ ಹಾಡು ಬಂದಾಗ ರೆಕಾರ್ಡ್ ಮಾಡಿಕೊಂಡರು. ಆ ಕ್ಯಾಸೆಟ್ ನನಗೆ ಚೆನ್ನಾಗಿ ನೆನಪಿದೆ. ಒಂದು ದಿನ ಟೇಪ್ ಸುತ್ತಿಕೊಂಡು ಸಿಕ್ಕಾಗಿ, ಬಿಡಿಸುವಾಗ ಕಿತ್ತುಹೋಯಿತು. ಅಪ್ಪ ಸುಕ್ಕಾದ ಎರಡಿಂಚು ಕತ್ತರಿಸಿ ತೆಗೆದು, ಅಮ್ಮನ ಹಣೆಬೊಟ್ಟಿನ ಡಬ್ಬಿ ಪಕ್ಕದಲ್ಲಿದ್ದ ಉಗುರುಬಣ್ಣ ಹಚ್ಚಿ ಎರಡು ತುದಿ ಅಂಟಿಸಿದರು. ಒಣಗುವವರೆಗೂ ಬೆರಳಲ್ಲಿ ಹಿಡಿದುಕೊಂಡು ಕೂತಿದ್ದರು. ಕೆಂಪು ಗುರುತೊಂದು ಉಳಿಯಿತು. ಆ ಎರಡಿಂಚಲ್ಲಿ ಹೋಗಿದ್ದು 'ಹೊಯ್ಸಳ' ಅನ್ನುವ ಪದ. 'ತೈಲಪ' ಅಂತ ಬಂದು, ಟಕ್ ಅಂದು, 'ಆಳಿದ ನಾಡೆ' ಅಂತ ಮುಂದೆ ಓಡುತ್ತಿತ್ತು.

ಅಪ್ಪ ಈಗಲೂ ಹಾಗೇ ಹಾಡುತ್ತಾರೆ. ಪದ ಗೊತ್ತಿಲ್ಲ ಅಂತಲ್ಲ. ಹಳೇಬೀಡಿಗೆ ಒಂದು ಗಂಟೆ ದಾರಿಯಲ್ಲಿ ಬದುಕಿದವರು ಅವರು, ಮರೆಯುವ ಪದವಾ ಅದು! ಸಾವಿರ ಸಲ ಹಾಗೆ ಕೇಳಿ ಬಾಯಿ ಹಾಗೇ ಕೂತಿದೆ. ಮಗಳು ತಪ್ಪು ಅಂದಿದ್ದು ಇದನ್ನೇ. ಧಾಟಿ ಇಬ್ಬರದೂ ಒಂದೇ. ತಾತ ಎಳೆದು ಹಾಡುತ್ತಾರೆ, ಒಂದು ಪದ ನುಂಗುತ್ತಾರೆ, ಅಷ್ಟೇ.

ಇದನ್ನೆಲ್ಲ ನಮ್ಮ ಪಿಯುಸಿ ಗೆಳತಿಯರ ಗುಂಪಿನಲ್ಲಿ ಹೇಳಿದೆ. ಒಬ್ಬಳು "ಅಯ್ಯೋ, ಯಾವ ಧಾಟಿ ಆದ್ರೇನೇ, ಹಾಡಿದ್ರೆ ಸಾಕು" ಅಂದಳು. ಮಸ್ಕತ್‌ನಲ್ಲಿರುವ ಇನ್ನೊಬ್ಬಳಿಗೆ ಅದು ಒಪ್ಪಿಗೆ ಆಗಲಿಲ್ಲ. ಅವರಲ್ಲಿ ಒಂದು ವರ್ಷ ರಾಜ್ಯೋತ್ಸವಕ್ಕೆ ಸೇರಿದ ಜನರಲ್ಲಿ ಅರ್ಧ ಮಂದಿ ಒಂದು ಧಾಟಿ, ಇನ್ನರ್ಧ ಇನ್ನೊಂದು ಧಾಟಿ ಹಿಡಿದು ಎರಡನೇ ಚರಣಕ್ಕೆ ಎಲ್ಲರೂ ಸುಮ್ಮನಾದರಂತೆ. "ಮಕ್ಕಳ ಮುಂದೆ ನಾಚಿಕೆ ಆಯ್ತು ಕಣೆ" ಅಂದಳು. ನನಗೂ ಅನ್ನಿಸಿತು. ಎಲ್ಲರೂ ಎದ್ದು ನಿಂತು ಒಟ್ಟಿಗೆ ಹಾಡುವ ಕಡೆ ಒಂದೇ ಧಾಟಿ ಬೇಕು. ಎರಡೂವರೆ ನಿಮಿಷ ಅನ್ನುವುದೂ ಸರಿಯೇ. ವಯಸ್ಸಾದವರು ಎಷ್ಟು ಹೊತ್ತು ನಿಲ್ಲೋಕಾಗುತ್ತೆ? ಆ ಆದೇಶವನ್ನು ನಾನು ಮನಸಾರೆ ಒಪ್ಪುತ್ತೇನೆ.

ಆದರೆ ಆ ಆದೇಶ ಸಭೆ ಸಮಾರಂಭಕ್ಕೆ ಮಾಡಿದ್ದು. ಮನೆಯ ಜಗಲಿಗಲ್ಲ. ಕನ್ನಡದ ಭಾವಗೀತೆ ಬೆಳೆದಿದ್ದೇ ಒಂದೇ ಪದ್ಯಕ್ಕೆ ಒಬ್ಬೊಬ್ಬರು ಒಂದೊಂದು ಧಾಟಿ ಹಾಕಿ. ಕವಿ ಬರೆದರು, ಹಾಡುವವರು ತಮಗೆ ಕೇಳಿಸಿದ ಹಾಗೆ ಹಾಡಿದರು. ಅಶ್ವತ್ಥ್ ಧಾಟಿ ಸರ್ಕಾರಿ ಕಾರ್ಯಕ್ರಮದಲ್ಲಿ ಇಲ್ಲ ಅಂದಮಾತ್ರಕ್ಕೆ ಮಕ್ಕಳ ಕಿವಿಗೇ ಬೀಳದೆ ಹೋಗಬಾರದು. ಶಾಲೆಯಲ್ಲಿ ಮಕ್ಕಳಿಗೆ 'ಇದು ಸರಿ, ಉಳಿದಿದ್ದು ತಪ್ಪು' ಅಂತ ಹೇಳುವ ಬದಲು 'ಇಲ್ಲಿ ಹೀಗೆ ಹಾಡೋಣ' ಅಂದರೆ ಎಷ್ಟು ಚೆಂದ, ಅಲ್ವಾ? ತಪ್ಪು ಅನ್ನುವ ಮಾತು ಕೇಳಿದಾಗ ಅಪ್ಪನ ಮುಖ ಸಣ್ಣಗಾಗಿದ್ದನ್ನು ನಾನು ನೋಡಿದೆ. ಅವರು ಏನೂ ಅನ್ನಲಿಲ್ಲ, ಪೇಪರ್ ಮತ್ತೆ ಬಿಡಿಸಿದರು. ಆ ರಜೆಯಲ್ಲಿ ತಿರುಗಿ ಹಾಡಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಮಗಳಿಗೆ ಕ್ಯಾಸೆಟ್ಟಿನ ಕತೆ ಹೇಳಿದೆ. ಉಗುರುಬಣ್ಣದ ವಿಷಯ ಎರಡು ಸಲ ಕೇಳಿದಳು.

ನವೆಂಬರ್ ಒಂದರಂದು ಶಾಲೆಯಲ್ಲಿ ಮಿಸ್ ಹೇಳಿಕೊಟ್ಟ ಹಾಗೇ, ಒಂದು ಅಕ್ಷರ ಬಿಡದೆ ಹಾಡಿದಳು. ಸಂಜೆ ತಾತನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿ ಮೊದಲಿಂದ ಶುರು ಮಾಡಿದಳು. ಈ ಸಲ ನಿಧಾನಕ್ಕೆ, ಎಳೆದು. 'ತೈಲಪ' ಅಂದವಳು ಅಲ್ಲಿ ನಿಲ್ಲಿಸಿ ನನ್ನ ಮುಖ ನೋಡಿದಳು.

ಆ ಕಡೆಯಿಂದ ಅಪ್ಪ ಆ ಪದ ಹಾಡಿದರು.