‘ರಕ್ತ ನೀರಿಗಿಂತ ಗಟ್ಟಿ’: ಇದು ಕತ್ತರಿಸಿದ ಮಾತಲ್ಲ

‘ರಕ್ತ ನೀರಿಗಿಂತ ಗಟ್ಟಿ’ ಎಂಬ ಇಂಗ್ಲಿಷ್ ಗಾದೆ ಅರ್ಧಕ್ಕೆ ಕತ್ತರಿಸಿದ್ದು, ಅದರ ಪೂರ್ಣರೂಪ ‘ಒಪ್ಪಂದದ ರಕ್ತ ಗರ್ಭದ ನೀರಿಗಿಂತ ಗಟ್ಟಿ’, ಹಾಗಾಗಿ ಬಂಧುಗಳ ನಂಟೇ ದೊಡ್ಡದು ಎಂಬ ಈಗಿನ ಅರ್ಥಕ್ಕೆ ಮೂಲ ಅರ್ಥ ತದ್ವಿರುದ್ಧ, ಒಪ್ಪಂದದಿಂದ ಬೆಸೆದ ಸ್ನೇಹವೇ ದೊಡ್ಡದು ಎಂಬ ಸಂದೇಶ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದೆ. ಕೇಳಲು ಸೊಗಸು, ಆದರೆ ನಿಜವಲ್ಲ. ಸ್ನೇಹವೇ ದೊಡ್ಡದು ಎನ್ನುವವರು ಧಾರಾಳವಾಗಿ ಎನ್ನಲಿ. ಅದನ್ನು ಹಳೆಯ ಗಾದೆಯ ಬಾಯಿಗೆ ತುರುಕುವುದೇಕೆ?

ಚಿಕ್ಕ ರೂಪವೇ ಹಳೆಯದು. 1815ರಲ್ಲಿ ಪ್ರಕಟವಾದ ವಾಲ್ಟರ್ ಸ್ಕಾಟ್ ಅವರ ‘ಗೈ ಮ್ಯಾನರಿಂಗ್’ ಕಾದಂಬರಿಯಲ್ಲಿ ಪಾತ್ರವೊಂದು ಅದನ್ನು ಸ್ಕಾಟಿಷ್ ಉಚ್ಚಾರದಲ್ಲಿ ಆಡುತ್ತದೆ. ಅಲ್ಲಿಯೂ ಅರ್ಥ ಬಂಧುತ್ವವೇ. ಗರ್ಭದ ನೀರಿನ ರೂಪ ಕಾಣಿಸುವುದು 20ನೇ ಶತಮಾನದ ಕೊನೆಯ ಬರಹಗಳಲ್ಲಿ, ಅದೂ ಹಳೆಯ ಆಧಾರವೊಂದನ್ನೂ ಕೊಡದೆ. 1885ರಲ್ಲಿ ಅಮೆರಿಕದ ಪಾದ್ರಿ, ಲೇಖಕ ಹೆನ್ರಿ ಕ್ಲೇ ಟ್ರಂಬುಲ್ ಅವರು, ಅರಬರ ಭಾವನೆಯಲ್ಲಿ ರಕ್ತ ಹಾಲಿಗಿಂತ ಗಟ್ಟಿ, ರಕ್ತ ಹಂಚಿಕೊಂಡು ಒಪ್ಪಂದ ಮಾಡಿಕೊಂಡವರು ಒಂದೇ ಎದೆಹಾಲು ಕುಡಿದವರಿಗಿಂತ ಹತ್ತಿರ ಎಂದು ಬರೆದಿದ್ದರು. ಗೊಂದಲಕ್ಕೆ ಇದೂ ಬೀಜವಾಗಿರಬಹುದು. ಆದರೆ ಅದು ಬೇರೆಯೇ ಮಾತು.

ಗಾದೆಯಲ್ಲಿ ರಕ್ತ ಎಂದರೆ ಬಂಧುತ್ವ. ಒಂದರ ಹೆಸರು ಹೇಳಿ ಅದಕ್ಕೆ ಅಂಟಿದ ಇನ್ನೊಂದನ್ನು ಸೂಚಿಸುವ ಲಕ್ಷಣೆ. ನೀರು ಬಂದದ್ದು ಬರಿಯ ಹೋಲಿಕೆಗೆ, ಅದರಲ್ಲಿ ಗರ್ಭವನ್ನು ಹುಡುಕಬೇಕಿಲ್ಲ.