‘ದಿನಾಂಕ ತಪ್ಪು’ ಅಂದರೆ ಸಾಲದು, ಏನು ತಪ್ಪು ಅಂತ ಹೇಳಿ

ಇವತ್ತು ಮಂಡ್ಯದ ನೂರಡಿ ರಸ್ತೆಯ ಒಂದು ಕಂಪ್ಯೂಟರ್ ಸೆಂಟರ್‌ನಲ್ಲಿ ಜೆರಾಕ್ಸ್‌ಗೆ ನಿಂತಿದ್ದೆ. ಪಕ್ಕದಲ್ಲಿ ಕೆರಗೋಡು ಕಡೆಯ ಯಜಮಾನರೊಬ್ಬರು ಯಾವುದೋ ಅರ್ಜಿ ಹಾಕಿಸುತ್ತಿದ್ದರು. ಆಧಾರ್‌ನಲ್ಲಿ ಹುಟ್ಟಿದ ದಿನಾಂಕ 12/06/1957. ಸೆಂಟರ್ ಹುಡುಗ 12-06-1957 ಅಂತ ಹೊಡೆದ. ಕೆಂಪಕ್ಷರದಲ್ಲಿ ‘ಇನ್‌ವ್ಯಾಲಿಡ್ ಡೇಟ್’ ಅಂತ ಬಂತು. ಅಡ್ಡಗೆರೆ ತೆಗೆದು ಚುಕ್ಕಿ ಇಟ್ಟ, ಮತ್ತೆ ಅದೇ.

"ಸರಿಯಾಗಿರೋ ಡೇಟ್ ಕೊಡಿ ಯಜಮಾನ್ರೇ."

"ಕಾರ್ಡಲ್ಲಿ ಇರೋದೇ ಅಷ್ಟು ಕಣಪ್ಪ, ಬೇರೆದು ಎಲ್ಲಿಂದ ತರ್ಲಿ?"

ಕೊನೆಗೆ ಓರೆಗೆರೆ (/) ಹಾಕಿದಾಗ ತಗೊಂಡಿತು. ಪ್ರಿಂಟ್ ನೋಡಿದರೆ 6 ಡಿಸೆಂಬರ್ 1957! ಜೂನ್ 12 ಎಲ್ಲಿ, ಡಿಸೆಂಬರ್ 6 ಎಲ್ಲಿ. ಅಲ್ಲೇ ಹೇಳಿ ಸರಿ ಮಾಡಿಸಿದೆ, ಆದರೆ ಸಿಟ್ಟು ಇನ್ನೂ ಇಳಿದಿಲ್ಲ. ಯಾಕೆಂದರೆ ಅಷ್ಟು ಹೊತ್ತೂ ತಪ್ಪು ಮಾಡಿದವರ ಥರ ತಲೆ ತಗ್ಗಿಸಿ ನಿಂತಿದ್ದವರು ಆ ಯಜಮಾನರು. ನಮ್ಮಪ್ಪನೂ ಕೌಂಟರ್ ಮುಂದೆ ಹೀಗೇ ನಿಲ್ಲುತ್ತಿದ್ದರು, ಅದಕ್ಕೇ ನನಗೆ ಇದು ಜಾಸ್ತಿ ತಾಗುತ್ತದೆ.

ನನ್ನ ಹೊಟ್ಟೆಪಾಡೇ ವೆಬ್ ಫಾರ್ಮ್ ಬರೆಯೋದು, ನಿಮಗೆಲ್ಲ ಗೊತ್ತು. ಇಂಥದ್ದು ಹೇಗಾಗುತ್ತದೆ ಅಂತ ನಮ್ಮ ಕಸುಬಿನವರಿಗೆ ಚೆನ್ನಾಗಿ ಗೊತ್ತು. ಓರೆಗೆರೆ ಇದೆಯಾ ಇಲ್ಲವಾ ಅಂತ ಮಾತ್ರ ನೋಡಿ, ಬಂದದ್ದನ್ನು ಹಾಗೇ ಬ್ರೌಸರ್ ಒಳಗೆ ಓಡುವ ಪ್ರೋಗ್ರಾಮ್ ಭಾಷೆ ಜಾವಾಸ್ಕ್ರಿಪ್ಟ್ ಕೈಗೆ ಕೊಟ್ಟುಬಿಡುತ್ತಾರೆ. ಅದು ಅಮೆರಿಕದವರ ಥರ ತಿಂಗಳನ್ನು ಮೊದಲು ಓದುತ್ತದೆ. ದಿನ 12ಕ್ಕಿಂತ ಜಾಸ್ತಿ ಇದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. 12ರೊಳಗಿದ್ದರೆ ದಿನ, ತಿಂಗಳು ಸದ್ದಿಲ್ಲದೆ ತಿರುಗುಮುರುಗು.

ವರ್ಷ, ತಿಂಗಳು, ದಿನ ಬೇರೆ ಬೇರೆ ಕೊಟ್ಟರೂ ಎಚ್ಚರ ಬೇಕು. ಜಾವಾಸ್ಕ್ರಿಪ್ಟ್ ಲೆಕ್ಕದಲ್ಲಿ ಜನವರಿ ಅಂದರೆ 0. 2023ರ ಫೆಬ್ರವರಿ 31 ಅಂತ ಕೊಟ್ಟರೆ ಬೇಡ ಅನ್ನೋದಿಲ್ಲ, ತಾನೇ ಮಾರ್ಚ್ 3 ಮಾಡಿಕೊಂಡು ಮುಂದೆ ಹೋಗುತ್ತದೆ. ಕೊಟ್ಟ ದಿನವೇ ವಾಪಸ್ ಬಂತಾ ಅಂತ ಹೋಲಿಸೋಕೆ ಒಂದೆರಡು ಸಾಲು ಸಾಕು. ಅದನ್ನೂ ಬರೆಯಲ್ಲ ಅಂದರೆ ಹೇಗೆ? ಇನ್ನೊಂದು, ನಮ್ಮ ಸಮಯ ಯುಟಿಸಿಗಿಂತ (ಜಗತ್ತಿನ ಗಡಿಯಾರಗಳಿಗೆಲ್ಲ ಆಧಾರವಾದ ಸಮಯ) ಐದೂವರೆ ಗಂಟೆ ಮುಂದೆ. ಜೂನ್ 12ರ ಮಧ್ಯರಾತ್ರಿಯನ್ನು ಯುಟಿಸಿಗೆ ತಿರುಗಿಸಿದರೆ ಜೂನ್ 11ರ ಸಂಜೆ ಆರೂವರೆ ಆಗುತ್ತದೆ. ಆಮೇಲೆ ಗಂಟೆ ಕತ್ತರಿಸಿ ದಿನಾಂಕ ಮಾತ್ರ ಇಟ್ಟುಕೊಂಡರೆ ಹುಟ್ಟುಹಬ್ಬ ಒಂದು ದಿನ ಹಿಂದಕ್ಕೆ. ಹುಟ್ಟಿದ ದಿನಕ್ಕೆ ಗಂಟೆ, ಟೈಮ್‌ಜೋನ್ ಯಾಕ್ರೀ ಬೇಕು? ದಿನಾಂಕವನ್ನು ದಿನಾಂಕವಾಗಿಯೇ ಇಡಿ.

ಕ್ಯಾಲೆಂಡರ್ ತೋರಿಸಿದರೆ ಆಯ್ತಲ್ಲ ಅಂತ ಗೆಳೆಯರು ಹೇಳುತ್ತಾರೆ. ಮುಂದಿನ ವಾರದ ರೈಲು ಟಿಕೆಟ್‌ಗೆ ಸರಿ, ಒಪ್ಪುತ್ತೇನೆ. 1957ಕ್ಕೆ ಹೋಗೋಕೆ ತಿಂಗಳು ತಿಂಗಳೇ ಹಿಂದಕ್ಕೆ ಒತ್ತುತ್ತಾ ಕೂರಬೇಕಾ? ನಡುಗೋ ಬೆರಳಲ್ಲಿ, ಚಿಕ್ಕ ಮೊಬೈಲಲ್ಲಿ? ಬ್ರಿಟನ್ ಸರ್ಕಾರದ ಡಿಸೈನ್ ಸಿಸ್ಟಮ್, ಅಂದರೆ ಸರ್ಕಾರಿ ವೆಬ್ ಪುಟ ಹೇಗಿರಬೇಕು ಅಂತ ಹೇಳುವ ಕೈಪಿಡಿ, ಹುಟ್ಟಿದ ದಿನಾಂಕದಂಥ ನೆನಪಲ್ಲಿರುವ ದಿನಕ್ಕೆ ದಿನ, ತಿಂಗಳು, ವರ್ಷ ಅಂತ ಮೂರು ಬೇರೆ ಡಬ್ಬಿ ಕೊಡಿ ಅನ್ನುತ್ತದೆ. ಯಾವುದು ಮೊದಲು ಅನ್ನೋ ಗೊಂದಲವೇ ಇರಲ್ಲ.

ಅಡ್ಡಗೆರೆ, ಚುಕ್ಕಿ, ಓರೆಗೆರೆ ಯಾವುದು ಹಾಕಿದರೂ ತಗೊಳ್ಳಿ. ಕನ್ನಡ ಫಾರ್ಮಲ್ಲಿ ೧೨ ಅಂತ ಕನ್ನಡ ಅಂಕಿ ಹೊಡೆದರೂ ತಗೊಳ್ಳಿ. ಹೊಡೆದದ್ದು ಸರಿಯಾದ ಮಾದರಿಯಲ್ಲಿದೆಯಾ ಅಂತ ನೋಡೋಕೆ ಬಳಸುವ ಜಾವಾಸ್ಕ್ರಿಪ್ಟ್ ರೆಗ್ಯುಲರ್ ಎಕ್ಸ್‌ಪ್ರೆಶನ್‌ನ ಅಂಕಿ ಗುರುತು 0ಯಿಂದ 9 ಬಿಟ್ಟು ಬೇರೇನೂ ಒಪ್ಪಲ್ಲ, ಅದನ್ನು ತಿರುಗಿಸಿಕೊಳ್ಳೋದು ನಮ್ಮ ಕೆಲಸ. ನಿಜವಾಗಿ ತಪ್ಪಿದ್ದರೆ ‘ಏಪ್ರಿಲ್‌ನಲ್ಲಿ 30 ದಿನ ಮಾತ್ರ ಇದೆ, ದಿನ ಸರಿಮಾಡಿ’ ಅಂತ ಕನ್ನಡದಲ್ಲಿ ಹೇಳಿ. ತುಂಬಿದ ಉಳಿದದ್ದನ್ನು ಅಳಿಸಬೇಡಿ. ಕಳಿಸುವ ಮುಂಚೆ ‘12 ಜೂನ್ 1957, ಸರಿನಾ?’ ಅಂತ ತಿಂಗಳ ಹೆಸರು ಬರೆದು ತೋರಿಸಿ. ಇದೊಂದಿದ್ದಿದ್ದರೆ ಇವತ್ತಿನ ತಪ್ಪು ಅಲ್ಲೇ ಕಣ್ಣಿಗೆ ಬೀಳುತ್ತಿತ್ತು.

ಬ್ರೌಸರ್‌ನಲ್ಲಿ ಪರೀಕ್ಷೆ ಮಾಡಿದ್ದೇವೆ ಅಂತ ಕೈಕಟ್ಟಿ ಕೂರಬೇಡಿ, ಅದನ್ನು ಯಾರು ಬೇಕಾದರೂ ದಾಟಬಹುದು. ಅರ್ಜಿ ಹೋಗಿ ಸೇರುವ ಸರ್ವರ್‌ನಲ್ಲೂ ನೋಡಬೇಕು. 29-02-2000 ಒಪ್ಪಬೇಕು, 29-02-1900 ಒಪ್ಪಬಾರದು, ಯಾಕೆಂದರೆ ನೂರರ ವರ್ಷಗಳು 400ರಿಂದ ಭಾಗವಾದರೆ ಮಾತ್ರ ಅಧಿಕ ವರ್ಷ. ಈ ಎರಡನ್ನೂ, ಜೊತೆಗೆ ಒಂದು ಏಪ್ರಿಲ್ 31ನ್ನೂ ಹಾಕಿ ನೋಡದೆ ನಮ್ಮ ಟೀಮಿನಲ್ಲಿ ಯಾವ ಫಾರ್ಮನ್ನೂ ಹೊರಗೆ ಬಿಡಲ್ಲ. ಸೋಮವಾರ ಆಫೀಸಿಗೆ ಹೋದ ತಕ್ಷಣ ನೀವೂ ನಿಮ್ಮ ಫಾರ್ಮಿಗೆ ಹಾಕಿ ನೋಡಿ.